ಪಾಪಾಸುಕಳ್ಳಿಯ ಪರವಾಗಿ ಎರಡು ಮಾತು

ಕಳೆದ ತಿಂಗಳು ಸಂಘದ ಸಭೆ ಮುಗಿದ ಮೇಲೆ ಚಹದ ಕಪ್ಪು ಹಿಡಿದು ನಿಂತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಹೆಮ್ಮೆಯಿಂದ ಒಂದು ಸುದ್ದಿ ಹೇಳಿದರು. ಅವರು ತಾವಿರುವ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳೂ ಹೌದು. ಸೊಸೈಟಿಯ ಹಿಂಬದಿಗೆ, ನೀರಿನ ಟಾಕಿಯ ಮಗ್ಗುಲಲ್ಲಿ, ಕಟ್ಟಡ ಏಳುವ ಮೊದಲಿನಿಂದಲೂ ಇದ್ದ ಕಳ್ಳಿಯ ಬೇಲಿಯನ್ನು ಕಡಿಸಿ, ಟೆಂಪೋದಲ್ಲಿ ತುಂಬಿ, ಟೇಕಡಿಯ ಬುಡಕ್ಕೆ ಚೆಲ್ಲಿಸಿದರಂತೆ.

"ಯಾಕ್ರೀ, ಅದೇನು ಮಾಡಿತ್ತು?" ಎಂದೆ.

"ವಾಸ್ತು ನೋಡೋರು ಬಂದಿದ್ರು. ಮುಳ್ಳಿನ ಗಿಡ ಮನಿ ಹತ್ರ ಇರಬಾರದು ಅಂದ್ರು. ಮ್ಯಾಲಾಗಿ ಅದು ನಮ್ಮ ದೇಶದ್ದೂ ಅಲ್ರೀ. ಹೊರಗಿಂದು."

ಆ ಜಾಗದಲ್ಲಿ ಈಗ ಏನಿದೆ ಎಂದು ಕೇಳಿದೆ. ನರ್ಸರಿಯಿಂದ ಇಪ್ಪತ್ತು ಕುಂಡ ತರಿಸಿ ಸಾಲಾಗಿ ಇಡಿಸಿದ್ದಾರೆ. ಕೆಂಪು ತಲೆಯವು ಹತ್ತು, ಹಳದಿ ತಲೆಯವು ಹತ್ತು; ನೋಡಲು ಬಹಳ ಚೆಂದವಂತೆ. ಸ್ವಾಮೀ, ಆ ಕೆಂಪು ತಲೆಯದೂ ಕಳ್ಳಿಯೇ, ಅದಕ್ಕೂ ಮುಳ್ಳಿದೆ, ಅದೂ ಹೊರಗಿನದೇ, ಸಾಲದ್ದಕ್ಕೆ ಅದಕ್ಕೆ ಸ್ವಂತ ಬೇರೂ ಇಲ್ಲ, ಹಸಿರಿಲ್ಲದ ಒಂದು ಕಳ್ಳಿಯ ತುಂಡನ್ನು ಇನ್ನೊಂದು ಕಳ್ಳಿಯ ನೆತ್ತಿಗೆ ಕಸಿ ಕಟ್ಟಿ ಮಾರುತ್ತಾರೆ ಎಂದು ಹೇಳುವಷ್ಟರಲ್ಲಿ ಯಾರೋ ಅವರನ್ನು ಕರೆದರು. ಅಂದು ಗಂಟಲಲ್ಲಿ ಉಳಿದ ಮಾತನ್ನು ಸಂಪಾದಕರ ಅಪ್ಪಣೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಆ ಮಹನೀಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಮಾತು ಅವರೊಬ್ಬರದಲ್ಲ, ನಮ್ಮಲ್ಲಿ ಬಹಳ ಜನರ ಮಾತು. ಆದಕಾರಣ ಉತ್ತರವನ್ನೂ ಎಲ್ಲರ ಮುಂದೆಯೇ ಹೇಳಬೇಕಾಗಿದೆ.

ನಾನು ಇಂಡಿ ತಾಲೂಕಿನವನು. ೧೯೭೨ರ ಬರಗಾಲ ಕಂಡವನು. ಹೊಲದಲ್ಲಿ ಕಣಿಕೆ ಮುಗಿದು, ಊರಲ್ಲಿ ಹಣ ಕೊಟ್ಟರೂ ಮೇವು ಸಿಗದೆ ಹೋದಾಗ ನಮ್ಮವ್ವ ಬೇಲಿಯ ಡಬಗಳ್ಳಿಯನ್ನು ಕುಡಗೋಲಿನಿಂದ ಕೊಯ್ದು, ಕವೆಗೋಲಿಗೆ ಸಿಕ್ಕಿಸಿ, ಬೆಂಕಿಯ ಮೇಲೆ ಹಿಡಿದು ಮುಳ್ಳು ಸುಡುತ್ತಿದ್ದಳು. ಆಮೇಲೆ ಹೆಚ್ಚಿ, ಉಳಿದ ಹಿಡಿ ಕಣಿಕೆಯೊಡನೆ ಕಲಸಿ ಎತ್ತುಗಳ ಮುಂದೆ ಇಡುತ್ತಿದ್ದಳು. ಎರಡು ಎತ್ತೂ ಉಳಿದವು. ಎರಡು ವರ್ಷದ ಮೇಲೆ ನಾನು ಪಿಂಪರಿಯ ಕಾರಖಾನೆಗೆ ಕೆಲಸಕ್ಕೆ ಸೇರಲು ಬಂದಾಗ ಪ್ರಯಾಣದ ಖರ್ಚು ಹುಟ್ಟಿದ್ದು ಆ ಎತ್ತುಗಳ ದುಡಿಮೆಯಿಂದಲೇ. ಇಂಥ ಗಿಡ ಮನೆಯ ಹತ್ತಿರ ಇದ್ದರೆ ಅಪಶಕುನ ಎಂದು ಯಾರಾದರೂ ಹೇಳಿದರೆ ಸುಮ್ಮನೆ ತಲೆ ಆಡಿಸುವುದು ನನ್ನಿಂದ ಆಗದು.

ಹಾಗೆಂದು ಬಾಲ್ಯದ ಋಣ ತೀರಿಸಲು ಸುಳ್ಳು ಹೇಳಲಾರೆ. ಈ ಗಿಡ ನಮ್ಮ ನಾಡಿನದಲ್ಲ ಎಂಬ ಮಾತು ನಿಜ. ಅದು ಹದ್ದುಮೀರಿ ಹಬ್ಬಿ ರೈತರನ್ನು ಕಾಡಿದ್ದೂ ನಿಜ. ನನ್ನ ತಕರಾರು ಬೇರೆ. ಗುರುತು ಹಿಡಿಯದೆ ತೀರ್ಪು ಕೊಡುವ ನಮ್ಮ ಚಾಳಿಯ ಮೇಲೆ ನನ್ನ ತಕರಾರು.

ಮೊದಲು ಹೆಸರನ್ನೇ ನೋಡೋಣ. ಕಳ್ಳಿ ಎಂಬ ಒಂದು ಮಾತಿನ ಕೆಳಗೆ ನಾವು ಎರಡು ಬೇರೆ ಕುಲಗಳನ್ನು ಕೂಡಿಸಿದ್ದೇವೆ. ಎಲೆಗಳ್ಳಿ, ಚದುರಗಳ್ಳಿ ಮುಂತಾದವು ಮುರಿದರೆ ಹಾಲು ಸುರಿಸುತ್ತವೆ. ಅವು ಔಡಲ ಗಿಡದ ಬಂಧುಗಳು, ಈ ನೆಲದ ಹಳಬರು. ಆ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಪಾಪಾಸುಕಳ್ಳಿಯನ್ನು ಮುರಿದರೆ ಹಾಲು ಬರುವುದಿಲ್ಲ. ಬೆಂಡೆಕಾಯಿಯದರಂಥ ಲೋಳೆನೀರು ಬರುತ್ತದೆ. ಇದು ಅಮೆರಿಕ ಖಂಡದ ಕ್ಯಾಕ್ಟಸ್ ಕುಲ. ಮರಗಳಿಗೆ ಜೋತುಬೀಳುವ ಒಂದೇ ಒಂದು ಜಾತಿಯನ್ನು ಬಿಟ್ಟರೆ ಆ ಕುಲದ ಸಮಸ್ತರ ತವರೂ ಅಮೆರಿಕವೇ. ಹಾಲೋ, ಲೋಳೆಯೋ ಎಂಬ ಈ ಒಂದು ಪರೀಕ್ಷೆಯನ್ನು ಚಿಕ್ಕ ಮಗುವಿಗೂ ಕಲಿಸಬಹುದು. ವಾಸ್ತು ನೋಡುವವರು ಇದನ್ನು ಮಾಡಲಿಲ್ಲ. ಅವರಿಗೆ ಮುಳ್ಳು ಕಂಡಿತು, ಅಷ್ಟೇ ಸಾಕಾಯಿತು.

ಮರಾಠಿಯಲ್ಲಿಯೂ ಇದೇ ಗೊಂದಲ ಇದೆ. 'ನಿವಡುಂಗ' ಎಂದರೆ ಹಾಲುಗಳ್ಳಿಯೂ ಹೌದು, ಇದೂ ಹೌದು. ಬೇರ್ಪಡಿಸಿ ಹೇಳಬೇಕಾದರೆ ಇದನ್ನು 'ಫಡ್ಯಾ ನಿವಡುಂಗ' ಎನ್ನುತ್ತಾರೆ, ಹೆಡೆಯ ಕಳ್ಳಿ. ಹಿಂದಿಯ ನಾಗಫಣಿ, ತೆಲುಗಿನ ನಾಗಜೆಮುಡು, ಎಲ್ಲರಿಗೂ ಅದರಲ್ಲಿ ಹಾವಿನ ಹೆಡೆ ಕಂಡಿದೆ. ಕನ್ನಡಿಗರಿಗೆ ಮಾತ್ರ ಅದರಲ್ಲಿ ಪಾಪಾಸು, ಅಂದರೆ ಕಾಲಿಗೆ ಹಾಕುವ ಮೆಟ್ಟು ಕಂಡಿತು. ಹೆಡೆ ಎಂದು ಅಂಜದೆ ಮೆಟ್ಟು ಎಂದು ನಕ್ಕ ಹಿರಿಯರ ಮೊಮ್ಮಕ್ಕಳು ನಾವು, ಈಗ ವಾಸ್ತುವಿನವರ ಮಾತಿಗೆ ನಡುಗುತ್ತಿದ್ದೇವೆ.

ನಮ್ಮ ಪುಣೆಯ ನಾನಾ ಪೇಟೆಯಲ್ಲಿ ನಿವಡುಂಗ್ಯಾ ವಿಠೋಬನ ಗುಡಿ ಇದೆ. ನಿವಡುಂಗದ ಪೊದೆಯಲ್ಲಿ ಮೂರ್ತಿ ಸಿಕ್ಕಿತೆಂದು ದೇವರಿಗೆ ಆ ಹೆಸರು. ಆಷಾಢ ವಾರಿಯಲ್ಲಿ ತುಕಾರಾಮ ಮಹಾರಾಜರ ಪಾಲಖಿ ಪುಣೆಗೆ ಬಂದಾಗ ಇಳಿಯುವುದು ಅಲ್ಲಿಯೇ. ಆ ಪೊದೆ ಹಾಲುಗಳ್ಳಿಯದೋ, ಹೆಡೆಗಳ್ಳಿಯದೋ ಎಂದು ದೇವರ ಹೆಸರು ವಿಂಗಡಿಸಿ ಹೇಳುವುದಿಲ್ಲ. ಆದರೆ ಇಷ್ಟಂತೂ ಸತ್ಯ: ಕಳ್ಳಿಯ ಮುಳ್ಳು ವಿಠೋಬನಿಗೆ ಮೈಲಿಗೆಯಾಗಲಿಲ್ಲ, ಅದನ್ನು ಹೆಸರಿನಲ್ಲಿಯೇ ಧರಿಸಿಕೊಂಡ. ಈ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಸ್ವತಃ ಜ್ಞಾನೇಶ್ವರರು. ದೇವರು ಸಹಿಸಿದ ಮುಳ್ಳನ್ನು ಸೊಸೈಟಿಯ ಕಮಿಟಿ ಸಹಿಸದೆ ಹೋಯಿತಲ್ಲ!

ಇನ್ನು 'ಹೊರಗಿನದು' ಎಂಬ ಆಕ್ಷೇಪಣೆ. ಆ ಕಾರ್ಯದರ್ಶಿಗಳ ಮನೆಯಲ್ಲಿ ಏಕಾದಶಿಯ ದಿನ ಸಾಬುದಾಣಿ ಖಿಚಡಿಯ ಫಳಾರ ನಾನೂ ಮಾಡಿದ್ದೇನೆ. ಸಾಬುದಾಣಿ ಬರುವುದು ಮರಗೆಣಸಿನಿಂದ. ಅದರ ತವರು ದಕ್ಷಿಣ ಅಮೆರಿಕ. ಅದಕ್ಕೆ ಬೀಳುವ ಶೇಂಗಾ ಅಲ್ಲಿಯದು, ಬಟಾಟೆ ಅಲ್ಲಿಯದು, ಹಸಿ ಮೆಣಸಿನಕಾಯಿಯೂ ಅಮೆರಿಕದ್ದೇ. ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವಿನ ಮೂಲ ಮೆಕ್ಸಿಕೋ ಕಡೆಯದು. ಪುರಂದರ ತಾಲೂಕಿನವರು ಅಭಿಮಾನದಿಂದ ಮಾರುವ ಸೀತಾಫಲವೂ ಸಮುದ್ರ ದಾಟಿ ಬಂದದ್ದು. ಇವೆಲ್ಲವನ್ನೂ ಮಡಿಯಲ್ಲಿ ಬಳಸಿ, ಉಪವಾಸಕ್ಕೂ ಸಲ್ಲಿಸಿ, ಕಳ್ಳಿಯೊಂದಕ್ಕೆ ಮಾತ್ರ ಪಾಸ್‌ಪೋರ್ಟು ಕೇಳುವುದು ಯಾವ ನ್ಯಾಯ?

ಈ ವಾದವನ್ನು ಕೇಳಿದ ನಮ್ಮ ಕಿರಿಯ ಮಿತ್ರರೊಬ್ಬರು ಉತ್ಸಾಹದಿಂದ, "ಹೌದ್ರೀ ಕಾಕಾ, ನಾವೂ ಹೊರಗಿನವರೇ, ಕಳ್ಳಿಯೂ ಹೊರಗಿನದೇ. ನಾವು ಅದರ ಪರವಾಗಿ ನಿಲ್ಲಬೇಕು" ಎಂದರು. ಈ ಮಾತನ್ನೂ ನಾನು ಒಪ್ಪುವುದಿಲ್ಲ. ಮನುಷ್ಯ ಎಲ್ಲಿ ದುಡಿದು, ತೆರಿಗೆ ಕೊಟ್ಟು, ಮಕ್ಕಳನ್ನು ಓದಿಸಿ, ನೆರೆಯವರ ಕಷ್ಟಕ್ಕೆ ಆಗುತ್ತಾನೋ ಅದು ಅವನ ಊರು. ಅವನ ಹಕ್ಕನ್ನು ಸಾಧಿಸಲು ಗಿಡದ ಸಾಕ್ಷಿ ಬೇಕಾಗಿಲ್ಲ. ಗಿಡ ಹದ್ದುಮೀರಿ ಹಬ್ಬಿದರೆ ಕಿತ್ತುಹಾಕಬೇಕಾಗುತ್ತದೆ; ಆ ಮಾತನ್ನು ಮನುಷ್ಯರ ಮೇಲೆ ಹೇರುವವರ ಕೈಗೆ ನಾವೇ ಆಯುಧ ಕೊಡಬಾರದು. ಗಿಡಕ್ಕೆ ಸಂಬಂಧಿಸಿದಂತೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಜಾತಿ, ಈ ಜಾಗದಲ್ಲಿ, ಹೇಗೆ ನಡೆದುಕೊಳ್ಳುತ್ತದೆ? ಅದಕ್ಕೆ ಉತ್ತರ ಬೇಕಾದರೆ ಜಾತಿ ಯಾವುದೆಂದು ತಿಳಿಯಬೇಕು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. ಕಳ್ಳಿಯ ಮೇಲೆ ಬಿಳಿ ಹತ್ತಿಯಂತೆ ಅಂಟಿಕೊಂಡು ಬಾಳುವ ಕಾಚಿನೀಲ್ ಎಂಬ ಹುಳವುಂಟು. ಅದನ್ನು ಹಿಸುಕಿದರೆ ಕಡುಗೆಂಪು ಬಣ್ಣ. ಮೆಕ್ಸಿಕೋದಿಂದ ಆ ಬಣ್ಣ ತರಿಸಿ ಸ್ಪೇನಿನವರು ಸಿರಿವಂತರಾಗಿದ್ದರು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತು. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯ ಬಳಿ ಇದಕ್ಕೆಂದೇ ಕಳ್ಳಿಯ ತೋಟ ಹಾಕಿಸಿದ. ೧೭೯೫ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲಿನಿಂದ ಹುಳ ತಂದ. ಎಲ್ಲರಿಗೂ ಸಂತೋಷ. ಆದರೆ ತಂದದ್ದು ಬೆಲೆಬಾಳುವ ಬಣ್ಣದ ಹುಳವಲ್ಲ, ಅದರ ಕಾಡುಜಾತಿಯ ದಾಯಾದಿ. ಬಣ್ಣದ ವ್ಯಾಪಾರ ನೆಲಕಚ್ಚಿತು. ಹುಳ ಮಾತ್ರ ತನ್ನ ಪಾಡಿಗೆ ತಾನು ಒಂದು ಜಾತಿಯ ಕಳ್ಳಿಯನ್ನು ದೇಶದ ಬಹುಭಾಗದಲ್ಲಿ ತಿಂದು ಮುಗಿಸಿತು.

ಆ ಹುಳ ತಿಂದದ್ದು ಮೊನಕಾಂತ ಎಂಬ ಜಾತಿಯನ್ನು ಮಾತ್ರ. ಡಿಲ್ಲೆನಿ ಮತ್ತು ಎಲಾಟಿಯರ್ ಎಂಬ ಇನ್ನೆರಡು ಜಾತಿಗಳನ್ನು ಅದು ನಾಶ ಮಾಡಲಾರದೆ ಹೋಯಿತು. ಅವು ಬೆಳೆದದ್ದೇ ಬೆಳೆದದ್ದು. ದಖ್ಖನಿನ ಹೊಲ, ಹಳ್ಳ, ಊರಬದಿ ಎಲ್ಲ ಕಳ್ಳಿಮಯ. ಬರ್ಕಿಲ್ ಎಂಬ ಸಸ್ಯಶಾಸ್ತ್ರಜ್ಞ ಭಾರತದಲ್ಲಿ ಕಾಡುಬಿದ್ದ ಕಳ್ಳಿಗಳು ಯಾವ ಯಾವ ಜಾತಿಯವು ಎಂದು ಬಿಡಿಸಿ ಪ್ರಕಟಿಸಿದ್ದು ೧೯೧೧ರಲ್ಲಿ. ೧೯೨೬ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಕಾಚಿನೀಲ್ ಹುಳ ತರಿಸಿ ಬಿಟ್ಟರು. ಅದು ಈ ಎರಡನ್ನೂ ತಿನ್ನುವ ಹುಳ. ಕೆಲವೇ ವರ್ಷಗಳಲ್ಲಿ ಕಳ್ಳಿಯ ಕಾಡು ಕರಗಿತು. ೧೭೯೫ರಿಂದ ೧೯೨೬, ನೂರಾ ಮೂವತ್ತೊಂದು ವರ್ಷ! ಕೊಡಲಿಗೆ ಬಗ್ಗದ ಗಿಡವನ್ನು ಸರಿಯಾದ ಹುಳ ಬಗ್ಗಿಸಿತು.

ಅದೇ ಹುಳ ೨೦೧೪ರಿಂದೀಚೆಗೆ ಮೊರಾಕ್ಕೋ ದೇಶದಲ್ಲಿ ಕಾಣಿಸಿಕೊಂಡು, ಹಣ್ಣಿಗಾಗಿ ಕಳ್ಳಿ ಬೆಳೆದಿದ್ದ ರೈತರ ಬೇಲಿ ತೋಟಗಳನ್ನು ಹಾಳುಮಾಡಿದೆ. ಒಬ್ಬರಿಗೆ ಉದ್ಧಾರಕ, ಇನ್ನೊಬ್ಬರಿಗೆ ಮಾರಿ. ಹುಳವಾಗಲಿ ಗಿಡವಾಗಲಿ, ಒಳ್ಳೆಯದೋ ಕೆಟ್ಟದ್ದೋ ಎಂದು ಬರಿಯ ಹೆಸರಿನ ಮೇಲೆ ನಿರ್ಣಯಿಸುವಂತಿಲ್ಲ.

ಗುರುತಿನ ಲಕ್ಷಣಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲಿಗೆ, ನಾವು ಎಲೆ ಎನ್ನುವ ಆ ಚಪ್ಪಟೆ ಪಾಪಾಸು ಎಲೆಯಲ್ಲ, ಕಾಂಡ. ನಿಜವಾದ ಎಲೆ ಚಿಗುರಿನಲ್ಲಿ ಸಣ್ಣ ಕೊಕ್ಕಿನಂತೆ ಮೂಡಿ ಉದುರಿಹೋಗುತ್ತದೆ. ಡಿಲ್ಲೆನಿಯ ಮುಳ್ಳು ಹಳದಿ, ದಪ್ಪ, ತುಸು ಚಪ್ಪಟೆ, ಹಲವು ಬಾಗಿರುತ್ತವೆ, ಹೂವೂ ಹಳದಿ. ಎಲಾಟಿಯರಿನ ಮುಳ್ಳು ಕಂದು ಬಣ್ಣದ್ದು, ಸೂಜಿಯಂತೆ ದುಂಡು. ಹೂವಿನಲ್ಲಿ ಕಿತ್ತಳೆ ಕೆಂಪಿನ ಛಾಯೆ, ಕೇಸರಗಳೂ ಕೆಂಪು. ಎರಡರ ಹಣ್ಣೂ ಕಡುಗೆಂಪು; ತಿಂದರೆ ಬಾಯೆಲ್ಲ ಎಲೆಅಡಿಕೆ ಹಾಕಿದಂತೆ. ಮೊನಕಾಂತ ಎತ್ತರಕ್ಕೆ ಬೆಳೆಯುತ್ತದೆ. ಅದರ ಪಾಪಾಸು ತೆಳು, ಹೊಳಪು ಹಸಿರು, ಬುಡದಲ್ಲಿ ಸಪೂರ. ಒಂದೊಂದು ಗಿಣ್ಣಿನಲ್ಲಿ ಒಂದೋ ಎರಡೋ ಉದ್ದನೆಯ ಮುಳ್ಳು. ನಾಲ್ಕನೆಯದು ಫೈಕಸ್ ಇಂಡಿಕಾ; ದಪ್ಪ, ದೊಡ್ಡ, ಬೂದಿ ಬಣ್ಣ ಬೆರೆತ ಹಸಿರು, ದೊಡ್ಡ ಮುಳ್ಳು ಇಲ್ಲವೆಂಬಷ್ಟು ಕಡಿಮೆ. 'ಇಂಡಿಕಾ' ಎಂಬುದನ್ನು ಕಂಡು ಇದು ನಮ್ಮದೇ ಎಂದು ಹಿಗ್ಗಬೇಡಿ. ಇದರ ತವರೂ ಮೆಕ್ಸಿಕೋ. ಆ ಹೆಸರಿನಲ್ಲಿರುವುದು ಕೊಲಂಬಸ್ ಇಂಡಿಯಾ ಎಂದು ತಪ್ಪು ತಿಳಿದ ನಾಡು.

ಒಂದು ಎಚ್ಚರಿಕೆ. ದೊಡ್ಡ ಮುಳ್ಳಿಗೆ ಯಾರೂ ಮೋಸ ಹೋಗುವುದಿಲ್ಲ. ಮೋಸ ಮಾಡುವುದು ಗಿಣ್ಣಿನಲ್ಲಿ ಧೂಳಿನಂತೆ ಕೂತಿರುವ ಕೊಕ್ಕೆಯ ಸಣ್ಣ ಮುಳ್ಳು. ಮೊಲದ ಕಿವಿಯಂತೆ ಮುದ್ದಾಗಿದೆ ಎಂದು ನರ್ಸರಿಯಿಂದ ತಂದು ಮಕ್ಕಳ ಓದುವ ಮೇಜಿನ ಮೇಲೆ ಇಡುವ ಮೈಕ್ರೊಡೇಸಿಸ್ ಜಾತಿಯ ಮೈತುಂಬ ಇರುವುದು ಇದೇ. ಮುಟ್ಟಿದ ಬೆರಳು ಎರಡು ದಿನ ಉರಿಯುತ್ತದೆ. ಅಂಟುಪಟ್ಟಿ ಒತ್ತಿ ಎಳೆದರೆ ಬಹಳಷ್ಟು ಬರುತ್ತದೆ. ಬಾಯಿಯಿಂದ ಕಚ್ಚಿ ತೆಗೆಯಲು ಹೋಗಬೇಡಿ.

ಇನ್ನೊಂದು ಕಡೆಯವರಿಗೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಈಚೆಗೆ ಮುಳ್ಳಿಲ್ಲದ ಕಳ್ಳಿಯ ಮಹಿಮೆ ಎಲ್ಲೆಲ್ಲೂ ಕೇಳಿಬರುತ್ತಿದೆ. ೨೦೨೨ರಲ್ಲಿ ಕೇಂದ್ರ ಸರಕಾರದ ಭೂಸಂಪನ್ಮೂಲ ಇಲಾಖೆ ಬಂಜರುಭೂಮಿಯಲ್ಲಿ ಇದನ್ನು ಬೆಳೆಸುವ ವಿಚಾರವನ್ನು ಮುಂದಿಟ್ಟಿತು. ನಮ್ಮ ಪುಣೆಯ ಮಗ್ಗುಲಿನ ಉರುಳಿಕಾಂಚನದಲ್ಲಿ, ಮಣಿಭಾಯಿ ದೇಸಾಯಿಯವರು ಕಟ್ಟಿದ ಬಾಯಫ್ ಸಂಸ್ಥೆ ಇದನ್ನು ಮೇವಿಗಾಗಿ ಬೆಳೆಸಿ ರೈತರಿಗೂ ಪರಿಚಯಿಸುತ್ತಿದೆ. ಇದು ಒಳ್ಳೆಯ ಕೆಲಸ. ರಾತ್ರಿ ಉಸಿರಾಡಿ ಹಗಲು ನೀರು ಉಳಿಸುವ ಈ ಗಿಡಕ್ಕೆ ಸ್ವಲ್ಪ ನೀರು ಸಾಕು. ಆದರೆ ಇದನ್ನು ಕಾಮಧೇನು ಎಂದು ಮಾರುವವರನ್ನು ನಂಬಬೇಡಿ. ಹತ್ತರಲ್ಲಿ ಒಂಬತ್ತು ಪಾಲು ಇದು ನೀರೇ. ಸಾರಜನಕದ ಅಂಶ ಕಡಿಮೆ. ಒಣಮೇವಿನೊಡನೆ ಕೊಡಬೇಕೇ ಹೊರತು ಇದೊಂದನ್ನೇ ತಿನ್ನಿಸಿದರೆ ದನ ಉಚ್ಚಿಕೊಂಡು ಸೊರಗುತ್ತದೆ. ಅಕ್ಷರ ಬಾರದ ನಮ್ಮವ್ವನಿಗೆ ಗೊತ್ತಿತ್ತು. ಅದಕ್ಕೇ ಅವಳು ಹಿಡಿ ಕಣಿಕೆ ಕಲಸುತ್ತಿದ್ದಳು.

ಹಾಗೆಯೇ ಗುಜರಾತಿನಲ್ಲಿ ಫಿಂಡಲಾ ಎಂದು ಈ ಹಣ್ಣಿನ ಪಾನಕ ಮಾರುತ್ತಾರೆ. ರುಚಿಯಾಗಿರುತ್ತದೆ; ಕುಡಿಯಿರಿ. ಆದರೆ ಬಣ್ಣ ಕೆಂಪು ಎಂದ ಮಾತ್ರಕ್ಕೆ ರಕ್ತ ಹೆಚ್ಚುತ್ತದೆ ಎಂದು ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸಬೇಡಿ. ಅಪಶಕುನದ ಭಯ ಎಷ್ಟು ಕುರುಡೋ ಅಮೃತದ ಭ್ರಮೆಯೂ ಅಷ್ಟೇ ಕುರುಡು.

ಮನೆಯಲ್ಲಿ ಬೆಳೆಸುವ ಆಸೆಯಿದ್ದವರು ಬೇಕಾದರೆ ಈ ಫೈಕಸ್ ಇಂಡಿಕಾ ಜಾತಿಯನ್ನೇ ಹಾಕಿರಿ. ಬಲಿತ ಒಂದು ಪಾಪಾಸನ್ನು ಗಿಣ್ಣಿನಲ್ಲಿ ಕತ್ತರಿಸಿ, ಗಾಯ ಒಣಗುವ ತನಕ ಎರಡು ವಾರ ನೆರಳಿನಲ್ಲಿ ಇಡಿ. ಹಸಿ ಗಾಯವನ್ನು ಮಣ್ಣಿಗಿಟ್ಟರೆ ಕೊಳೆಯುತ್ತದೆ. ಅರ್ಧ ಮಣ್ಣು, ಅರ್ಧ ಉಸುಕು ಮತ್ತು ಸಣ್ಣ ಖಡಿ ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ಮೂರನೆಯ ಒಂದು ಭಾಗ ಹೂಳಿ ನಿಲ್ಲಿಸಿ. ಪುಣೆಯಲ್ಲಿ ಇದಕ್ಕೆ ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ಸುಮಾರು ಒಳ್ಳೆಯ ಕಾಲ. ಗ್ಯಾಲರಿಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ. ಮಳೆಗಾಲದಲ್ಲಿ ಸೂರಿನೊಳಗೆ ಸರಿಸಿ. ಈ ಗಿಡ ಬಾಯಾರಿ ಸಾಯುವುದು ಅಪರೂಪ, ಸಾಯುವುದು ನಮ್ಮ ಅತಿಪ್ರೀತಿಯಿಂದ. ಬಿಳಿ ಹತ್ತಿ ಕಂಡರೆ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಆಗ ಕೈಗೆ ಹತ್ತುವ ಕೆಂಪನ್ನು ಮಕ್ಕಳಿಗೆ ತೋರಿಸಿ, ಸೈದಾಪೇಟೆಯ ಕಥೆ ಹೇಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಭೆಯ ಮರುವಾರ, ಭಾನುವಾರ ಬೆಳಿಗ್ಗೆ, ನಾನು ಮೊಮ್ಮಗನನ್ನು ಕರೆದುಕೊಂಡು ಆ ಟೇಕಡಿಯ ಬುಡಕ್ಕೆ ಹೋಗಿದ್ದೆ. ಕಡಿದು ಚೆಲ್ಲಿದ ರಾಶಿ ಹಾಗೆಯೇ ಬಿದ್ದಿತ್ತು. ಮುಳ್ಳು ಕಂದು, ದುಂಡು. ಅಂದರೆ ಎಲಾಟಿಯರ್, ನಮ್ಮವ್ವ ಸುಟ್ಟ ಅದೇ ಕಳ್ಳಿ. ಮೇಲಿನವು ಬಾಡಿದ್ದವು. ನೆಲಕ್ಕೆ ತಾಗಿದ್ದ ಒಂದನ್ನು ಕೋಲಿನಿಂದ ಮಗುಚಿದೆ. ಅಡಿಯಲ್ಲಿ ಬಿಳಿಯ ಬೇರು ನಾಲ್ಕಾರು ಆಗಲೇ ಇಳಿದಿದ್ದವು.

"ಅಜ್ಜಾ, ಕಡಿದರೂ ಇದು ಸತ್ತಿಲ್ಲವಾ?" ಎಂದ ಹುಡುಗ.

ಸತ್ತಿಲ್ಲ. ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ. ಟಾಕಿಯ ಮಗ್ಗುಲಲ್ಲಿ ಇಷ್ಟು ವರ್ಷ ಯಾರಿಗೂ ತೊಂದರೆ ಕೊಡದೆ ಕಳ್ಳರನ್ನು ತಡೆಯುತ್ತ ನಿಂತಿದ್ದ ಬೇಲಿಯನ್ನು, ಹೊರಗಿನದು ಎಂಬ ಕಾರಣಕ್ಕೆ ಕಡಿದು, ಈ ನೆಲದ ಹುಲ್ಲು, ಗಿಡ, ಹಕ್ಕಿಗಳ ಪಾಲಿನ ಗುಡ್ಡಕ್ಕೆ ನಾವೇ ಕೈಯಾರೆ ಬಿತ್ತಿ ಬಂದಿದ್ದೇವೆ. ಇದ್ದ ಕಡೆ ಅದು ಬೇಲಿ. ನಾವು ಎಸೆದ ಕಡೆ ಅದು ಪೀಡೆ. ಈ ತಪ್ಪು ಗಿಡದ್ದಲ್ಲ, ಗುರುತು ಹಿಡಿಯದವರದ್ದು.

ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನ ಅರಿಕೆ ಇಷ್ಟು. ನಿಮ್ಮ ಆವರಣದಲ್ಲಿ ಹಳೆಯ ಕಳ್ಳಿ ಇದ್ದರೆ ಮೊದಲು ಯಾವುದೆಂದು ನೋಡಿ. ಹದ್ದಿನಲ್ಲಿದ್ದರೆ ಬಿಡಿ, ಅಂಚು ಕತ್ತರಿಸಿ ಇಡಿ. ತೆಗೆಯಲೇಬೇಕಾದರೆ ತುಂಡುಗಳನ್ನು ಸಿಮೆಂಟಿನ ನೆಲದ ಮೇಲೆ ಬಿಸಿಲಿಗೆ ಒಣಗಿಸಿ, ಆಳವಾದ ಗುಂಡಿಯಲ್ಲಿ ಹೂಳಿ. ಗುಡ್ಡಕ್ಕೆ, ನದೀದಂಡೆಗೆ ಎಸೆಯಬೇಡಿ. ಮತ್ತು ಮಕ್ಕಳಿಗೆ ಕ್ಯಾಕ್ಟಸ್ ಎಂಬ ಒಂದೇ ಮಾತು ಕಲಿಸಿ ಬಿಡಬೇಡಿ. ಡಬಗಳ್ಳಿ, ಪಾಪಾಸುಕಳ್ಳಿ, ಎಲೆಗಳ್ಳಿ ಎಂಬ ಹೆಸರುಗಳೂ ಅವರ ಬಾಯಲ್ಲಿ ಇರಲಿ. ಹೆಸರು ಗೊತ್ತಿಲ್ಲದವನಿಗೆ ಗಿಡವೆಲ್ಲ ಕಸವೇ.

ಕಾರ್ಯದರ್ಶಿಗಳಿಗೆ ಒಂದು ಮಾತು. ಮಳೆಗಾಲ ಹಿಡಿಯುವುದರೊಳಗೆ ಆ ರಾಶಿಯನ್ನು ಎತ್ತಿಸಬೇಕು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಇಕ್ಕಳ, ಗೋಣಿಚೀಲ, ದಪ್ಪ ಕೈಚೀಲಗಳೊಡನೆ ಟೇಕಡಿಯ ಬುಡದಲ್ಲಿ ಇರುತ್ತೇನೆ. ಮೊಮ್ಮಗನೂ ಬರುತ್ತಾನೆ. ಟೆಂಪೋ ಮಾತ್ರ ನೀವು ತನ್ನಿರಿ.